ಗಾಡಿ ಮಾತು: ಟೈರ್ ಮೇಲಿರೋ ಆ ನಡುವಿನ ನಂಬರ್

ಎರಡು ಸಂಚಿಕೆ ಹಿಂದೆ ಮಳೆಗಾಲಕ್ಕೆ ಮುಂಚೆ ಟೈರ್ ಒಂದ್ಸಲ ನೋಡ್ಕೊಳ್ಳಿ ಅಂತ ಒಂದೇ ಒಂದು ಸಾಲು ಬರ್ದಿದ್ದೆ, ಅದಕ್ಕೆ ಬಂದಿರೋ ಪತ್ರ, ಮೆಸೇಜು ನೋಡಿದ್ರೆ ಊರಿಗೂರೇ ಟೈರ್ ಬದಲಾಯ್ಸೋಕೆ ಹೊರಟಂಗಿದೆ. ಅದ್ರಲ್ಲಿ ಮುಕ್ಕಾಲು ಪಾಲು ಒಂದೇ ವಿಷ್ಯ. ಟೈರಿನ ಪಕ್ಕದ ಗೋಡೆ, ಅಂದ್ರೆ ಸೈಡ್‌ವಾಲ್, ಎತ್ತರ ಇದ್ರೆ ಒಳ್ಳೇದಾ ಗಿಡ್ಡ ಇದ್ರೆ ಒಳ್ಳೇದಾ ಅಂತ. ಹಾಗಾಗಿ ಈ ಸಲದ ಪೂರ್ತಿ ಜಾಗ ಅದಕ್ಕೇ ಬಿಟ್ಟಿದೀನಿ, ಎಂಜಿನ್ ಆಯಿಲ್ ಬಗ್ಗೆ ಕೇಳಿದೋರು ಇನ್ನೊಂದು ಸಂಚಿಕೆ ತಡ್ಕೊಳ್ಳಿ.

ಪ್ರಶ್ನೆ: ಸಾರ್, ನಂದು ಸ್ವಿಫ್ಟ್ ವಿಎಕ್ಸ್‌ಐ, ಟೈರ್ ಮೇಲೆ 165/80 ಆರ್14 ಅಂತ ಇದೆ. ನಾಲ್ಕೂ ಸವೆದು ಹೋಗಿದೆ. ಅಂಗಡಿಯವ್ರು 15 ಇಂಚಿನ ಅಲಾಯ್ ಹಾಕ್ಸಿ, 195/65 ಟೈರ್ ಕೂರಿಸ್ಕೊಡ್ತೀನಿ, 80 ಇದ್ದಿದ್ದು 65 ಆಗುತ್ತೆ, ಗಾಡಿ ತಗ್ಗಾಗಿ ರೋಡಿಗೆ ಅಂಟ್ಕೊಂಡು ಓಡುತ್ತೆ ಅಂತಾರೆ. ಈ 80, 65 ಅಂದ್ರೆ ಮಿಲಿಮೀಟರಾ? ಅವ್ರ ಮಾತು ನಂಬ್ಲಾ?
— ಓದುಗರು, ಹಾಸನ

ಉತ್ತರ: ಮಿಲಿಮೀಟರ್ ಅಲ್ಲ ಸಾರ್, ಅದು ಪರ್ಸೆಂಟು. ಎಲ್ಲಾ ಗೊಂದಲ ಶುರುವಾಗೋದೇ ಅಲ್ಲಿಂದ. ಮೊದಲ್ನೇ ನಂಬರ್ 165 ಇದ್ಯಲ್ಲ, ಅದು ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. ಒಂದು ಪಕ್ಕದಿಂದ ಇನ್ನೊಂದು ಪಕ್ಕದ ತನಕ, ರೋಡಿಗೆ ತಾಗೋ ಪಟ್ಟಿ ಮಾತ್ರ ಅಲ್ಲ. ಎರಡನೇದು 80, ಅಂದ್ರೆ ಆ ಅಗಲದಲ್ಲಿ ನೂರಕ್ಕೆ ಎಂಬತ್ತರಷ್ಟು ಎತ್ತರ ಸೈಡ್‌ವಾಲ್‌ಗೆ ಇದೆ ಅಂತ. 165ರಲ್ಲಿ 80 ಪರ್ಸೆಂಟ್ ಅಂದ್ರೆ 132 ಮಿ.ಮೀ. ಆಮೇಲೆ ಬರೋ ಆರ್ ಅನ್ನೋ ಅಕ್ಷರ ರಿಮ್ಮಿಂದು ಅಂತ ತುಂಬಾ ಜನ ತಿಳ್ಕೊಂಡಿದಾರೆ, ಅಲ್ಲ, ಅದು ರೇಡಿಯಲ್ ಅನ್ನೋದಕ್ಕೆ, ಟೈರ್ ಒಳಗೆ ದಾರ ಜೋಡಿಸಿರೋ ಒಂದು ರೀತಿ ಅದು. 14 ಮಾತ್ರ ರಿಮ್ಮಿನ ಅಳತೆ, ಅದು ಇಂಚಿನಲ್ಲಿ. ಒಂದೇ ಟೈರಿನ ಮೇಲೆ ಒಂದು ಮಿಲಿಮೀಟರು, ಒಂದು ಪರ್ಸೆಂಟು, ಒಂದು ಇಂಚು, ಯಾವ ಪುಣ್ಯಾತ್ಮ ಹಿಂಗೆ ಮಿಕ್ಸ್ ಮಾಡಿದ್ನೋ ಗೊತ್ತಿಲ್ಲ, ಸಂತೇಲಿ ಸೇರು, ಮೊಳ, ಕೆಜಿ ಮೂರೂ ಒಟ್ಟಿಗೆ ಹೇಳಿದಂಗೆ.

ಪರ್ಸೆಂಟ್ ಆಗಿರೋದ್ರಿಂದ ನಡುವಿನ ನಂಬರ್ ಒಂದನ್ನೇ ನೋಡಿ ಟೈರ್ ಎತ್ತರನಾ ಗಿಡ್ಡನಾ ಅಂತ ಹೇಳೋಕೆ ಬರಲ್ಲ. ಹಳೇ ಮಾರುತಿ 800ಗೆ 145/70 ಆರ್12 ಬರ್ತಿತ್ತು, 70 ಅಂದ್ರೂ ಅದ್ರ ಗೋಡೆ ಬರೀ 101 ಮಿ.ಮೀ ಚಿಲ್ರೆ. ಎಕ್ಸ್‌ಯುವಿ 700ಗೆ ಬರೋ 235/60 ಆರ್18 ತಗೊಳ್ಳಿ, ನಂಬರ್ 60, ಆದ್ರೆ ಗೋಡೆ 141 ಮಿ.ಮೀ. ಸಣ್ಣ ನಂಬರ್ರಿನ ಟೈರಿನ ಗೋಡೆನೇ ನಾಲ್ಕು ಸೆಂಟಿಮೀಟರ್ ಜಾಸ್ತಿ ಎತ್ತರ! ಅಗಲದ ಜೊತೆ ಇಟ್ಟು ಗುಣಿಸಿದ್ರೆ ಮಾತ್ರ ಅದಕ್ಕೆ ಅರ್ಥ.

ಈಗ ನಿಮ್ಮ ಗಾಡಿಗೆ ಬರೋಣ. ಪೂರ್ತಿ ಚಕ್ರದ ಎತ್ತರ ಬೇಕಂದ್ರೆ ರಿಮ್ಮನ್ನ ಮಿಲಿಮೀಟರಿಗೆ ತಂದು, ಅದಕ್ಕೆ ಮೇಲೊಂದು ಕೆಳಗೊಂದು ಅಂತ ಎರಡು ಸೈಡ್‌ವಾಲ್ ಸೇರಿಸ್ಬೇಕು. 14 ಇಂಚು ಅಂದ್ರೆ 355.6, ಅದಕ್ಕೆ 132ರ ಎರಡು ಪಟ್ಟು 264 ಸೇರಿಸಿದ್ರೆ 619.6 ಮಿ.ಮೀ. ಇದೇ ಸ್ವಿಫ್ಟ್‌ನ ಝಡ್‌ಎಕ್ಸ್‌ಐ ಮಾಡೆಲ್‌ಗೆ ಕಂಪನಿನೇ 185/65 ಆರ್15 ಕೊಡುತ್ತೆ, ಅದ್ರ ಲೆಕ್ಕ ಹಾಕಿ ನೋಡಿ, 621.5 ಬರುತ್ತೆ. ಎರಡೇ ಮಿಲಿಮೀಟರ್ ವ್ಯತ್ಯಾಸ. ರಿಮ್ ಒಂದು ಇಂಚು ದೊಡ್ಡದಾದಾಗ ಸೈಡ್‌ವಾಲನ್ನ 132ರಿಂದ 120ಕ್ಕೆ ಇಳಿಸಿ ಒಟ್ಟು ಎತ್ತರ ಇದ್ದಲ್ಲೇ ಇರೋ ಹಾಗೆ ಮಾಡಿದಾರೆ. ಮೀಟರು, ಗೇರು, ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗ್ದಂಗೆ ನೋಡ್ಕೊಳ್ಳೋ ಎಬಿಎಸ್ಸು ಎಲ್ಲಾ ಆ ಎತ್ತರ ನಂಬ್ಕೊಂಡೇ ಕೆಲ್ಸ ಮಾಡೋದು.

ನಿಮ್ಮ ಅಂಗಡಿಯವ್ರು ಹೇಳಿದ 195/65 ಆರ್15ಗೆ ಅದೇ ಲೆಕ್ಕ ಹಾಕಿದ್ರೆ 634.5 ಮಿ.ಮೀ. ಅಂದ್ರೆ ಚಕ್ರ 15 ಮಿ.ಮೀ ದೊಡ್ಡದಾಯ್ತು, ಅದ್ರ ಅರ್ಧದಷ್ಟು ಗಾಡಿ ಮೇಲಕ್ಕೆ ಎದ್ದೇಳುತ್ತೆ. ತಗ್ಗಾಗುತ್ತೆ ಅಂದ್ರು, ಆಗೋದು ಎತ್ತರ! ಅವ್ರನ್ನ ಬೈಯೋಕೆ ಹೋಗ್ಬೇಡಿ, ದಿನಕ್ಕೆ ಮೂವತ್ತು ಟೈರ್ ಬಿಚ್ಚಿ ಹಾಕೋರಿಗೆ ಪರ್ಸೆಂಟ್ ಲೆಕ್ಕ ಹಾಕ್ತಾ ಕೂರೋಕೆ ಟೈಮ್ ಎಲ್ಲಿದೆ, ಸ್ಟಾಕ್‌ನಲ್ಲಿ ಏನಿದ್ಯೋ ಅದನ್ನ ಹೇಳಿರ್ತಾರೆ. 15 ಇಂಚಿಗೆ ಹೋಗ್ಲೇಬೇಕು ಅನ್ಸಿದ್ರೆ 185/65 ಕೇಳಿ ತಗೊಳ್ಳಿ. ಇಲ್ಲಾಂದ್ರೆ, ನನ್ನ ಕೇಳಿದ್ರೆ, ಹಾಸನದಿಂದ ತೋಟಕ್ಕೆ ದಿನಾ ಓಡಾಡೋರಾದ್ರೆ ಅದೇ 165/80 ಆರ್14 ಹೊಸದು ಹಾಕ್ಸಿ ಅಲಾಯ್ ದುಡ್ಡು ಉಳಿಸ್ಕೊಳ್ಳಿ. ಆ 12 ಮಿ.ಮೀ ಜಾಸ್ತಿ ರಬ್ಬರ್ ಇದ್ಯಲ್ಲ, ಅದು ನಮ್ಮ ರೋಡಲ್ಲಿ ಪುಕ್ಕಟೆ ಸಿಗೋ ಶಾಕ್ ಅಬ್ಸಾರ್ಬರ್.

ಅಂದಹಾಗೆ ಮನೇಲಿ ಸ್ಕೇಲ್ ಇಟ್ಟು ಅಳೆದು 132 ಬರ್ಲಿಲ್ಲ ಅಂತ ಮತ್ತೆ ಪತ್ರ ಬರೀಬೇಡಿ, ಬರಲ್ಲ. ರಿಮ್ಮಿನ 14 ಇಂಚು ಅಳೆಯೋದು ಟೈರ್ ಒಳಗೆ ಕೂರೋ ಜಾಗದಲ್ಲಿ, ನಿಮ್ಮ ಕಣ್ಣಿಗೆ ಕಾಣೋ ರಿಮ್ಮಿನ ತುಟಿ ಅದಕ್ಕಿಂತ ಒಂದೂವರೆ ಸೆಂಟಿಮೀಟರಷ್ಟು ಮೇಲಕ್ಕೆ ಬಂದಿರುತ್ತೆ, ಅಷ್ಟು ರಬ್ಬರ್ ಅದ್ರ ಹಿಂದೆ ಬಚ್ಚಿಟ್ಕೊಂಡಿರುತ್ತೆ. ಕೆಳಗಡೆ ಅಳೆದ್ರಂತೂ ಗಾಡಿ ಭಾರಕ್ಕೆ ಕುಗ್ಗಿ ಇನ್ನೂ ಕಮ್ಮಿ ಬರುತ್ತೆ.

ಪ್ರಶ್ನೆ: ಸರ, ನಮ್ಮದು ಐ20 ಐತ್ರಿ. ಕಂಪನಿಯಿಂದ 195/55 ಆರ್16 ಬಂದಿತ್ತು, ನಾ 17 ಇಂಚಿನ ಅಲಾಯ್‌ಗೆ 205/45 ಟೈರ್ ಹಾಕ್ಸೀನ್ರಿ. ನೋಡಾಕ ಭಾಳ ಛಂದ ಕಾಣ್ತೈತಿ. ಆದ್ರ ನಮ್ಮವ್ವ ಗಾಡ್ಯಾಗ ಕುಂಡ್ರಾಕ ಒಲ್ಲೆ ಅಂತಾಳ, ಬೆನ್ನು ಹಿಡೀತೈತಿ ಅಂತ. ಶಾಕ್ ಅಬ್ಸಾರ್ಬರ್ ಹೋಗ್ಯಾವೇನ್ರಿ? ಗೆಳ್ಯಾರು ಹ್ಯಾಂಡ್ಲಿಂಗ್ ಮಸ್ತ್ ಆಗೈತಿ ಅಂತಾರ.
— ಓದುಗರು, ಹುಬ್ಬಳ್ಳಿ

ಉತ್ತರ: ಶಾಕ್ ಏನೂ ಹೋಗಿಲ್ಲ ಸರ. ನಿಮ್ಮ ಗೆಳೆಯರು ಹೇಳಿದ್ದೂ ನಿಜ, ಅವ್ವ ಹೇಳಿದ್ದೂ ನಿಜ, ಎರಡಕ್ಕೂ ಕಾರಣ ಒಂದೇ.

ಲೆಕ್ಕದಲ್ಲಿ ನೀವು ತಪ್ಪಿಲ್ಲ. ಮೊದಲು 620.9 ಮಿ.ಮೀ ಇದ್ದ ಚಕ್ರ ಈಗ 616.3 ಆಗಿದೆ, ಮೀಟರ್‌ಗೆ ಏನೂ ಗೊತ್ತಾಗಲ್ಲ. ಆದ್ರೆ ಸೈಡ್‌ವಾಲ್ 107ರಿಂದ 92ಕ್ಕೆ ಇಳೀತು. ಹದಿನೈದು ಮಿಲಿಮೀಟರ್ ಅಷ್ಟೇ ತಾನೆ ಅನ್ಸುತ್ತೆ, ಸರಿ, ಆದ್ರೆ ಟೈರ್ ಅನ್ನೋದು ಗಾಡಿಯ ಮೊದಲ್ನೇ ಸ್ಪ್ರಿಂಗು. ಕಲ್ಲು ಬಂತು ಅಂದ್ರೆ ಮೊದಲು ಒಳಗೆ ಹೋಗ್ಬೇಕಾಗಿದ್ದು ಟೈರಿನ ಹೊಟ್ಟೆ, ಅದು ನುಂಗಿದಷ್ಟು ನುಂಗಿ ಉಳಿದಿದ್ದನ್ನ ಸಸ್ಪೆನ್ಷನ್‌ಗೆ ಕಳ್ಸುತ್ತೆ. ಅದ್ರಲ್ಲೂ ರೋಡಿನ ಸಣ್ಣ ಸಣ್ಣ ಗರಗರ, ಜಲ್ಲಿ ಎದ್ದಿರೋ ಡಾಂಬರು, ಸೇತುವೆ ಜಾಯಿಂಟು, ಇಂಥಾ ಚಿಲ್ರೆ ಹೊಡೆತಕ್ಕೆ ಸಸ್ಪೆನ್ಷನ್ ಅಷ್ಟು ಬೇಗ ಅಲ್ಲಾಡಲ್ಲ, ಅದನ್ನೆಲ್ಲಾ ತಡ್ಕೊಳ್ಳೋದು ಸೈಡ್‌ವಾಲೇ. ಗೋಡೆ ಗಿಡ್ಡ ಆದ್ರೆ ಬಾಗೋಕೆ ಜಾಗ ಕಮ್ಮಿ, ಆ ಗರಗರ ಸೀದಾ ಸೀಟಿಗೆ, ಸೀಟಿಂದ ಅವ್ವನ ಬೆನ್ನಿಗೆ. ಸಾಲದ್ದಕ್ಕೆ 17 ಇಂಚಿನ ಸೆಟ್ಟು ಹಳೇದಕ್ಕಿಂತ ಭಾರನೂ ಇದ್ರೆ, ಚಕ್ರ ಗುಂಡಿಯಿಂದ ಎದ್ದು ಮತ್ತೆ ರೋಡಿಗೆ ಕೂರೋದು ಇನ್ನೂ ತಡ.

ಹ್ಯಾಂಡ್ಲಿಂಗ್ ಕತೆ ಏನು ಅಂದ್ರೆ, ಮನೇಲಿ ಮಕ್ಕಳ ಹತ್ರ ಇರೋ ರಬ್ಬರ್ ತಗೊಳ್ಳಿ, ಪೆನ್ಸಿಲ್ ಅಳಿಸೋದು. ಮೇಜಿನ ಮೇಲೆ ಉದ್ದಕ್ಕೆ ನಿಲ್ಲಿಸಿ, ಮೇಲಿಂದ ಒತ್ತಿ ಹಿಡ್ಕೊಂಡು ಪಕ್ಕಕ್ಕೆ ತಳ್ಳಿ. ಕೆಳಭಾಗ ಅಲ್ಲೇ ಅಂಟ್ಕೊಂಡಿರುತ್ತೆ, ಮೇಲ್ಭಾಗ ಮಾತ್ರ ನಿಮ್ಮ ಬೆರಳ ಜೊತೆ ವಾಲುತ್ತೆ. ಈಗ ಅದೇ ರಬ್ಬರ್ ಮಲಗ್ಸಿ ತಳ್ಳಿ, ವಾಲೋದೇ ಇಲ್ಲ, ಪೂರ್ತಿ ರಬ್ಬರ್ ಒಟ್ಟಿಗೆ ಸರಿಯೋಕೆ ನೋಡುತ್ತೆ. ಸ್ಟೇರಿಂಗ್ ತಿರುಗಿಸ್ದಾಗ ಆಗೋದೂ ಇದೇ. ಮೊದಲು ತಿರುಗೋದು ರಿಮ್ಮು, ಸೈಡ್‌ವಾಲ್ ಸ್ವಲ್ಪ ತಿರುಚ್ಕೊಂಡು ಆಮೇಲೆ ರೋಡಿಗೆ ತಾಗಿರೋ ರಬ್ಬರ್‌ನ ಎಳ್ಕೊಂಡು ಬರುತ್ತೆ. ಗೋಡೆ ಎತ್ತರ ಇದ್ದಷ್ಟೂ ಆ ನಡುವಿನ ಸಮಯ ಜಾಸ್ತಿ, ಗಿಡ್ಡ ಇದ್ರೆ ಕೈ ತಿರುಗಿಸ್ತಿದ್ದಂಗೆ ಮೂತಿ ತಿರುಗುತ್ತೆ. ಅದನ್ನೇ ನಿಮ್ಮ ಗೆಳೆಯರು ಮಸ್ತ್ ಅಂದಿದ್ದು. ಹಂಗಂತ ಗ್ರಿಪ್ ಜಾಸ್ತಿ ಆಯ್ತು ಅಂತ ತಿಳ್ಕೋಬೇಡಿ, ಗ್ರಿಪ್ಪು ರಬ್ಬರಿನ ಗುಣ, ಬಟನ್ನಿನ (ರೋಡಿಗೆ ತಾಗೋ ಭಾಗದ ಉಬ್ಬುಗಳ) ಡಿಸೈನು, ಗಾಳಿ, ರೋಡು ಇದ್ರ ಮೇಲೆ ನಿಂತಿರೋದು. ಮಳೇಲಿ ನೀರು ನಿಂತಿರೋ ರೋಡಲ್ಲಿ ಅಗಲದ ಟೈರೇ ಬೇಗ ನೀರಿನ ಮೇಲೆ ತೇಲೋದು, ಕಿರಿದಾದ ಟೈರ್ ನೀರನ್ನ ಸೀಳ್ಕೊಂಡು ಹೋಗುತ್ತೆ.

ಎತ್ತರದ ಸೈಡ್‌ವಾಲ್ ಅಂದ್ರೆ ಸ್ಪೀಡ್ ಗಾಡಿಗೆ ಆಗಲ್ಲ ಅನ್ನೋ ಮಾತೂ ಪೂರ್ತಿ ಸರಿಯಲ್ಲ. ಫಾರ್ಮುಲಾ ಒನ್ ರೇಸ್ ಕಾರುಗಳು 2021ರ ತನಕ 13 ಇಂಚಿನ ರಿಮ್ಮಿನ ಮೇಲೆ ದಪ್ಪ ಬನ್ ತರದ ಟೈರ್ ಹಾಕ್ಕೊಂಡೇ ಓಡಿದ್ದು, ಸಸ್ಪೆನ್ಷನ್ ಮಾಡ್ಬೇಕಾದ ಕೆಲ್ಸದಲ್ಲಿ ದೊಡ್ಡ ಪಾಲು ಆ ಟೈರೇ ಮಾಡ್ತಿತ್ತು. 2022ರಲ್ಲಿ 18 ಇಂಚಿಗೆ ಬಂದ್ರು. ಅವ್ರ ರೋಡಲ್ಲಿ ಗುಂಡಿ ಇಲ್ಲ ಬಿಡಿ.

ನಮ್ಮಲ್ಲಿ ಗುಂಡಿ ಇದೆ, ಅದೇ ವಿಷ್ಯ. ಒಂದು ಸಲ ಮಂಗ್ಳೂರಿಂದ ರಾತ್ರಿ ಹೊರಟು ಶಿರಾಡಿ ಹತ್ತಿ ಬರ್ತಿದ್ವಿ, ಗೆಳೆಯನ ಗಾಡಿ, ಅದಕ್ಕೂ ನಿಮ್ಮಂಗೇ 45ರ ಟೈರು. ಮಳೆ ಜೋರು, ಗುಂಡಿ ತುಂಬಾ ನೀರು, ನೀರು ಮಟ್ಟವಾಗಿ ನಿಂತಿದ್ರಿಂದ ಅಲ್ಲಿ ರೋಡೇ ಇದೆ ಅನ್ನೋ ತರ ಕಾಣ್ತಿತ್ತು. ಟಪ್ ಅಂತ ಒಂದೇ ಶಬ್ದ. ಗಾಡಿ ಎಳೀತಾನೂ ಇರ್ಲಿಲ್ಲ, ಗಾಳಿನೂ ಇಳೀಲಿಲ್ಲ, ಏನೂ ಆಗಿಲ್ಲ ಅಂತ ಬಂದ್ವಿ. ಸಕಲೇಶಪುರದ ಹತ್ರ ಟೀ ಕುಡಿಯೋಕೆ ನಿಲ್ಲಿಸ್ದಾಗ ಮೊಬೈಲ್ ಟಾರ್ಚ್ ಬಿಟ್ಟು ನೋಡ್ತೀವಿ, ಎಡಗಡೆ ಮುಂದಿನ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ದಪ್ಪ ಗುಳ್ಳೆ. ಸ್ಟೆಪ್ನಿ ಹಾಕ್ಕೊಂಡು ಊರಿಗೆ ಬಂದು ಟೈರ್ ಬಿಚ್ಚಿಸಿದ್ರೆ ಒಳಗಡೆ ಒಂದರ ಪಕ್ಕ ಒಂದು ಎರಡು ಗೀಟು, ಇಕ್ಕಳದಲ್ಲಿ ಹಿಡಿದಂಗೆ. ಗುಂಡಿ ಅಂಚಿಗೂ ರಿಮ್ಮಿನ ತುಟಿಗೂ ನಡುವೆ ಸೈಡ್‌ವಾಲ್ ಸಿಕ್ಕಾಕ್ಕೊಂಡು ಒಳಗಿನ ದಾರ ಕಟ್ಟಾಗಿತ್ತು. ಗೋಡೆ ಎತ್ತರ ಇದ್ದಿದ್ರೆ ರಿಮ್ ಅಷ್ಟು ಕೆಳಗೆ ಬರೋಕೆ ಮುಂಚೆ ಗಾಡಿ ಗುಂಡಿ ದಾಟ್ಕೊಂಡು ಬಿಡ್ತಿತ್ತು.

ನೀವು ಇನ್ನೊಂದು ನೋಡ್ಬೇಕು. ನಿಮ್ಮ ಹಳೇ 195/55 ಆರ್16ರ ಮೇಲೆ ಅಳತೆ ಆದ್ಮೇಲೆ 87 ಅಂತ ಒಂದು ನಂಬರ್ ಇದ್ದಿರುತ್ತೆ, ಅದು ಒಂದು ಟೈರ್ ಎಷ್ಟು ಭಾರ ಹೊರುತ್ತೆ ಅನ್ನೋದ್ರ ಗುರುತು, 87 ಅಂದ್ರೆ 545 ಕೆಜಿ. 205/45 ಆರ್17ರಲ್ಲಿ ಮಾಮೂಲಿ ಟೈರ್ 84, ಅಂದ್ರೆ 500 ಕೆಜಿ ಅಷ್ಟೆ. ಎಕ್ಸ್‌ಎಲ್ ಅಂತ ಬರೆದಿರೋ ಗಟ್ಟಿ ಟೈರಾದ್ರೆ 88, ಅಂದ್ರೆ 560 ಕೆಜಿ. ಟೈರ್ ಅಗಲ ಆಯ್ತು ಅಂದ್ರೆ ಜಾಸ್ತಿ ಭಾರ ಹೊರುತ್ತೆ ಅಂತ ನಾವಂದ್ಕೊತೀವಿ, ಆದ್ರೆ ಭಾರ ಹೊರೋದು ಒಳಗಿರೋ ಗಾಳಿ, ಗೋಡೆ ಗಿಡ್ಡ ಆದ್ರೆ ಗಾಳಿಗೆ ಜಾಗನೂ ಕಮ್ಮಿ. ಇವತ್ತೇ ಕೆಳಗೆ ಕೂತು ಓದಿ. 84 ಇದ್ರೆ ಐದು ಜನ, ಲಗೇಜು ತುಂಬ್ಕೊಂಡು ಪಂಢರಾಪುರಕ್ಕೆ ಹೊರಡೋದು ಬೇಡ. 88 ಎಕ್ಸ್‌ಎಲ್ ಇದ್ರೂ ಅದು ಪೂರ್ತಿ ಭಾರ ಹೊರೋಕೆ ಮಾಮೂಲಿ ಟೈರಿಗಿಂತ ಜಾಸ್ತಿ ಗಾಳಿ ಕೇಳುತ್ತೆ, ಗಾಳಿ ಜಾಸ್ತಿ ಹಾಕಿದಷ್ಟೂ ಅವ್ವನಿಗೆ ಇನ್ನೂ ಕಷ್ಟ. ಹಳೇ 16 ಇಂಚಿನ ಸೆಟ್ ಮಾರಿಲ್ಲ ಅಂದ್ರೆ ವಾಪಸ್ ಹಾಕ್ಸಿ ಸರ, ಛಂದ ಕಾಣೋದು ಹೊರಗಿನೋರಿಗೆ, ಒಳಗೆ ಕೂರೋದು ಅವ್ವ.

ಪ್ರಶ್ನೆ: ಸ್ಪ್ಲೆಂಡರ್‌ಗೆ ಹಿಂದೆ 80/100-18 ಇದೆ. 100/90-18 ಹಾಕ್ಸಿದ್ರೆ ದಪ್ಪ ಕಾಣುತ್ತೆ, 100 ಇದ್ದಿದ್ದು 90 ಆಗೋದ್ರಿಂದ ಹೈಟ್ ಏನೂ ಹೆಚ್ಚಾಗಲ್ಲ ಅಲ್ವಾ ಅಣ್ಣ?
— ಓದುಗರು, ರಾಯಚೂರು

ಉತ್ತರ: ಹೆಚ್ಚಾಗುತ್ತೆ ತಮ್ಮಾ. 80ರಲ್ಲಿ ನೂರು ಪರ್ಸೆಂಟ್ 80 ಮಿ.ಮೀ, 100ರಲ್ಲಿ ತೊಂಬತ್ತು ಪರ್ಸೆಂಟ್ 90 ಮಿ.ಮೀ. ಚಕ್ರ ಒಟ್ಟು ಎರಡು ಸೆಂಟಿಮೀಟರ್ ಬೆಳೀತು. ಚೈನ್ ಕವರ್‌ಗೆ, ಸ್ವಿಂಗ್ ಆರ್ಮ್‌ಗೆ ಉಜ್ಜಬಹುದು, ಕಿರಿದಾದ ರಿಮ್ಮಿಗೆ ಅಗಲದ ಟೈರ್ ಕೂರಿಸಿದ್ರೆ ಪಕ್ಕ ಎಲ್ಲ ಒಳಗೆ ಸೆಳ್ಕೊಂಡು ನಡು ಉಬ್ಬಿ ನಿಂತ್ಕೊಳುತ್ತೆ, ರೋಡಿಗೆ ತಾಗೋದು ನಡುವಿನ ಪಟ್ಟಿ ಮಾತ್ರ. ಪಿಕಪ್ಪೂ ಮೈಲೇಜೂ ಎರಡೂ ಹೋಗುತ್ತೆ. ಹಳೇ ಗಾಡಿಗಳಲ್ಲಿ ಇದೇ ಟೈರ್ 2.75-18 ಅಂತ ಬರ್ತಿತ್ತು, ಅದ್ರಲ್ಲಿ ಪರ್ಸೆಂಟ್ ಬರೆದೇ ಇರಲ್ಲ, ಯಾಕಂದ್ರೆ ಆ ಕಾಲದ ಟೈರ್‌ಗಳಲ್ಲಿ ಎತ್ತರ ಅಗಲ ಹೆಚ್ಚುಕಮ್ಮಿ ಒಂದೇ. ಇದ್ದಿದ್ದೇ ಇರ್ಲಿ.

ಪ್ರಶ್ನೆ: ಡಿಸೈರ್ ಝಡ್‌ಎಕ್ಸ್‌ಐ, ಹಂಪ್ ತಾಗುತ್ತೆ ಅಂತ 185/65 ಆರ್15 ತೆಗ್ಸಿ 205/65 ಆರ್15 ಹಾಕ್ಸಿದೆ. ಅದೇ ರಿಮ್ಮು, ಅದೇ 65, ಹಾಗಾಗಿ ತೊಂದ್ರೆ ಇಲ್ಲ ಅಂದ್ರು. ಆದ್ರೆ ಮೈಲೇಜ್ ಬಿದ್ದೋಯ್ತು, ಮೈಸೂರು ಎಕ್ಸ್‌ಪ್ರೆಸ್‌ವೇನಲ್ಲಿ ಮೀಟರ್ 100ರಲ್ಲೇ ಇಟ್ಕೊಂಡು ಹೋದ್ರೂ ಫೈನ್ ಬಂದಿದೆ. ಟೈರಿಗೂ ಫೈನಿಗೂ ಸಂಬಂಧ ಇದ್ಯಾ ಸಾರ್?
— ಓದುಗರು, ಕೆಂಗೇರಿ, ಬೆಂಗಳೂರು

ಉತ್ತರ: ಇರ್ಬಹುದು! ಅದೇ 65 ಅಂದ್ರಲ್ಲ, ಮತ್ತೆ ಅದೇ ಪರ್ಸೆಂಟ್ ಮೋಸ. 185ರಲ್ಲಿ 65 ಪರ್ಸೆಂಟ್ 120 ಮಿ.ಮೀ, 205ರಲ್ಲಿ 133 ಮಿ.ಮೀ. ಚಕ್ರ 621.5ರಿಂದ 647.5ಕ್ಕೆ ಹೋಯ್ತು, ನೂರಕ್ಕೆ ನಾಲ್ಕು ದೊಡ್ಡದು. ಗಾಡಿಗೆ ಗೊತ್ತಿರೋದು ಚಕ್ರ ಎಷ್ಟು ಸುತ್ತು ತಿರುಗ್ತು ಅನ್ನೋದು ಅಷ್ಟೆ, ಒಂದು ಸುತ್ತಿಗೆ ಎಷ್ಟು ದೂರ ಹೋಯ್ತು ಅನ್ನೋದನ್ನ ಹಳೇ ಟೈರಿನ ಲೆಕ್ಕದಲ್ಲೇ ಹೇಳುತ್ತೆ. ಹಾಗಾಗಿ ಮೊದಲು ತೋರಿಸ್ತಿದ್ದಕ್ಕಿಂತ ನಾಲ್ಕು ಪರ್ಸೆಂಟ್ ಕಮ್ಮಿ ತೋರಿಸುತ್ತೆ. ಕಂಪನಿಯವ್ರು ಸಾಮಾನ್ಯವಾಗಿ ಮೀಟರನ್ನ ನಿಜವಾದ ಸ್ಪೀಡಿಗಿಂತ ಸ್ವಲ್ಪ ಜಾಸ್ತಿನೇ ತೋರಿಸೋ ಹಾಗೆ ಇಟ್ಟಿರ್ತಾರೆ, ನಿಮ್ಮ ಹೊಸ ಟೈರ್ ಆ ಅಂತರನೆಲ್ಲಾ ತಿಂದಾಕಿದೆ. ಅಲ್ಲಿ ಲಿಮಿಟ್ಟೇ 100, ನೀವು ಸರಿಯಾಗಿ 100ರ ಮೇಲೆ ಮುಳ್ಳು ನಿಲ್ಲಿಸ್ಕೊಂಡು ಹೋಗಿದೀರ, ಕ್ಯಾಮೆರಾ ನಿಮ್ಮ ಮೀಟರ್ ನೋಡಲ್ಲ. ಮೊಬೈಲ್‌ನ ಜಿಪಿಎಸ್ ಆನ್ ಮಾಡಿ ನೇರ ರೋಡಲ್ಲಿ ಒಂದ್ಸಲ ಹೋಲಿಸಿ ನೋಡಿ, ಪಕ್ಕದಲ್ಲಿ ಕೂತೋರು ನೋಡ್ಲಿ, ನೀವು ರೋಡ್ ನೋಡಿ.

ಮೈಲೇಜ್ ಬಿದ್ದಿದ್ದು ಅರ್ಧ ನಿಜ ಅರ್ಧ ಸುಳ್ಳು. ನೀವು ನೂರು ಕಿಲೋಮೀಟರ್ ಓಡಿದ್ರೆ ಮೀಟರ್ 96 ಅನ್ನುತ್ತೆ, ಅದನ್ನ ಪೆಟ್ರೋಲಿಗೆ ಭಾಗಿಸಿದ್ರೆ ಮೈಲೇಜ್ ಕಮ್ಮಿನೇ ಬರೋದು. ಆ ನಾಲ್ಕು ಪರ್ಸೆಂಟ್ ಬರೀ ಕಾಗದದ ಮೇಲಿನ ನಷ್ಟ. ಅದಕ್ಕಿಂತ ಜಾಸ್ತಿ ಬಿದ್ದಿದ್ರೆ ಅದು ಅಗಲ ಟೈರಿನ ಎಳೆತ, ಭಾರ, ಮತ್ತೆ ದೊಡ್ಡ ಚಕ್ರದಿಂದ ಗೇರು ಉದ್ದ ಆಗಿದ್ರ ಫಲ, ಸಿಟಿ ಟ್ರಾಫಿಕ್‌ನಲ್ಲಿ ಎರಡನೇ ಗೇರಲ್ಲಿ ಏಳಬೇಕಾದ ಗಾಡಿ ಮೊದಲ್ನೇದಕ್ಕೆ ಬೇಡುತ್ತೆ. ಇಷ್ಟೆಲ್ಲಾ ಮಾಡಿ ಹಂಪಿಗೆ ಸಿಕ್ಕಿದ್ದು 13 ಮಿಲಿಮೀಟರು. ಒಂದು ಕೆಲ್ಸ ಮಾಡಿ, ಸ್ಟೇರಿಂಗ್ ಪೂರ್ತಿ ತಿರುಗ್ಸಿ, ಮುಂದಿನ ಚಕ್ರದ ಹಿಂದಿರೋ ಕಪ್ಪು ಪ್ಲಾಸ್ಟಿಕ್ ಲೈನಿಂಗ್ ಮೇಲೆ ಕೈ ಆಡ್ಸಿ. ನುಣ್ಣಗೆ ಹೊಳೆಯೋ ತರ ಉಜ್ಜಿರೋ ಗುರುತು ಇದ್ರೆ ಟೈರ್ ತಾಗ್ತಿದೆ ಅಂತ ಅರ್ಥ, ಇವತ್ತು ಪ್ಲಾಸ್ಟಿಕ್ಕು, ನಾಳೆ ಹಿಂದೆ ಮೂರು ಜನ ಕೂತಾಗ ಸೈಡ್‌ವಾಲು. ಒಟ್ಟು ಎತ್ತರ ಹಳೇದಕ್ಕಿಂತ ಎರಡು ಪರ್ಸೆಂಟ್ ಆಚೀಚೆ ಆದ್ರೆ ಪರ್ವಾಗಿಲ್ಲ, ಮೂರು ಅಂದ್ರೆ ಅಲ್ಲಿಗೆ ನಿಲ್ಲಿಸ್ಬೇಕು, ನೀವು ನಾಲ್ಕು ದಾಟಿದೀರ.

ಪ್ರಶ್ನೆ: ಕ್ರೆಟಾ ಟಾಪ್ ಮಾಡೆಲ್. ಓಡೋ ಟೈರ್ 215/60 ಆರ್17, ಡಿಕ್ಕಿ ತೆಗೆದು ನೋಡಿದ್ರೆ ಸ್ಟೆಪ್ನಿ 205/65 ಆರ್16 ಕಬ್ಬಿಣದ ರಿಮ್ಮು. ಶೋರೂಮಿನೋರು ಮೋಸ ಮಾಡಿದ್ರಾ?
— ಓದುಗರು, ದಾವಣಗೆರೆ

ಉತ್ತರ: ಮೋಸ ಅಲ್ಲ, ಕಂಪನಿನೇ ಹಾಗೆ ಕೊಡೋದು, ಕೆಳಗಿನ ಮಾಡೆಲ್‌ಗೆ ಓಡೋಕೆ ಬರೋ ಟೈರೇ ಇವ್ರಿಗೆ ಸ್ಟೆಪ್ನಿ. ಲೆಕ್ಕದಲ್ಲಿ ಓಡೋ ಚಕ್ರ 689.8 ಮಿ.ಮೀ, ಸ್ಟೆಪ್ನಿ 672.9. ಹದಿನೇಳು ಮಿಲಿಮೀಟರ್ ಗಿಡ್ಡ. ಅದನ್ನ ಮುಂದೆ ಹಾಕಿದ್ರೆ ಎಡದ ಚಕ್ರ ಒಂದು ತರ ಬಲದ್ದು ಒಂದು ತರ ತಿರುಗುತ್ತೆ, ಎಡ ಬಲ ಚಕ್ರ ಬೇರೆ ಬೇರೆ ಸ್ಪೀಡಲ್ಲಿ ತಿರುಗೋಕೆ ಬಿಡೋ ಡಿಫರೆನ್ಷಿಯಲ್ ನೇರ ರೋಡಲ್ಲೂ ಬಿಡುವಿಲ್ದೆ ದುಡೀತಿರುತ್ತೆ, ಬ್ರೇಕ್ ಜೋರಾಗಿ ಹಾಕಿದ್ರೆ ಗಾಡಿ ಒಂದು ಕಡೆ ಎಳೀಬಹುದು. ಪಂಚರ್ ಅಂಗಡಿ ತನಕ ನಿಧಾನವಾಗಿ ಹೋಗೋಕೆ ಸಾಕು, ಅದ್ರ ಮೇಲೆ ಸ್ಪೀಡ್ ಲಿಮಿಟ್ ಸ್ಟಿಕ್ಕರ್ ಇದ್ರೆ ಅದನ್ನ ಮೀರ್ಬೇಡಿ. ತುಂಬಾ ಜನ ಸ್ಟೆಪ್ನಿ ಹಾಕ್ಕೊಂಡಿದ್ದು ಮರೆತು ತಿಂಗಳುಗಟ್ಲೆ ಓಡಿಸ್ತಾರೆ, ಅದು ಬೇಡ. ಮತ್ತೆ ಅದಕ್ಕೂ ಗಾಳಿ ಹಾಕ್ಸಿ ಸ್ವಾಮಿ, ಸ್ಟೆಪ್ನಿಗೆ ಗಾಳಿ ಚೆಕ್ ಮಾಡ್ಸೋರು ನಾನು ನೋಡಿದೋರಲ್ಲಿ ನೂರಕ್ಕೆ ಇಬ್ಬರು.

ಪ್ರಶ್ನೆ: ನಾವು ಥಾರ್ ತಗೊಳ್ಳೋಣ ಅಂತಿದೀವಿ. ಒಂದಕ್ಕೆ 245/75 ಆರ್16, ಇನ್ನೊಂದಕ್ಕೆ 255/65 ಆರ್18. ಮೂಡಿಗೆರೆ ಹತ್ರ ತೋಟ, ಕೊನೇ ನಾಲ್ಕು ಕಿಲೋಮೀಟರ್ ಮಣ್ಣು ರೋಡು, ಆದ್ರೆ ತಿಂಗಳಿಗೆ ಎರಡು ಸಲ ಬೆಂಗಳೂರಿಗೂ ಹೋಗ್ಬೇಕು. ಯಾವುದು ಒಳ್ಳೇದು?
— ಓದುಗರು, ಮೂಡಿಗೆರೆ

ಉತ್ತರ: ಮೇಡಂ, ನಿಮಗೆ 16 ಇಂಚಿಂದು. ಅದ್ರ ಸೈಡ್‌ವಾಲ್ 184 ಮಿ.ಮೀ, 18ರದ್ದು 166. ಚಕ್ರದ ಒಟ್ಟು ಎತ್ತರ 18 ಇಂಚಿನದ್ದೇ ಒಂದೂವರೆ ಸೆಂಟಿಮೀಟರ್ ಜಾಸ್ತಿ, ಹಾಗಾಗಿ ನೋಡೋಕೆ ಅದು ಗಟ್ಟಿಗನ ತರ ಕಾಣುತ್ತೆ, ಆದ್ರೆ ಕಲ್ಲು ಕೊರಕಲಲ್ಲಿ ಕೆಲ್ಸಕ್ಕೆ ಬರೋದು ರಬ್ಬರ್ ಎಷ್ಟಿದೆ ಅನ್ನೋದು. ಜುಲೈನಲ್ಲಿ ನಿಮ್ಮ ತೋಟದ ಏರಲ್ಲಿ ಕೆಸರು ಜಾರೋಕೆ ಶುರುವಾದ್ರೆ ಗಾಳಿ 20 ಪಿಎಸ್‌ಐ ಹತ್ರಕ್ಕೆ ಇಳಿಸ್ಬಹುದು, ಟೈರ್ ಕೆಳಗೆ ಉದ್ದಕ್ಕೆ ಹರಡ್ಕೊಂಡು, ಟ್ರ್ಯಾಕ್ಟರ್ ಟೈರ್ ತರ ನೆಲ ತಬ್ಕೊಳುತ್ತೆ. ಗೋಡೆ ಎತ್ತರ ಇದ್ರೆ ಹಾಗೆ ಕುಗ್ಗೋಕೆ ಜಾಗ ಇರುತ್ತೆ, ಗಿಡ್ಡ ಇದ್ರೆ ರಿಮ್ಮೇ ಕಲ್ಲಿಗೆ ಬಡಿಯುತ್ತೆ. ಆದ್ರೆ ಗಾಳಿ ಇಳಿಸಿದ್ಮೇಲೆ ತೆವಳ್ಕೊಂಡೇ ಹೋಗ್ಬೇಕು, ಟಾರ್ ರೋಡಿಗೆ ಹತ್ತೋ ಮುಂಚೆ ವಾಪಸ್ ಹಾಕ್ಬೇಕು. ಒಂದು ಸಣ್ಣ ಕಂಪ್ರೆಸರ್ ಗಾಡೀಲೇ ಇಟ್ಕೊಳ್ಳಿ. ಕಮ್ಮಿ ಗಾಳೀಲಿ ಹೈವೇಗೆ ಹೋದ್ರೆ ಸೈಡ್‌ವಾಲ್ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಮಡಚಿ ಬಿಚ್ಚಿ ಬಿಸಿಯಾಗ್ತಾ ಹೋಗುತ್ತೆ, ಹೈವೇಲಿ ಟೈರ್ ಒಡೆಯೋಕೆ ದೊಡ್ಡ ಕಾರಣನೇ ಇದು, ಗಾಳಿ ಜಾಸ್ತಿ ಆಗಿ ಒಡೆಯುತ್ತೆ ಅಂತ ಜನ ಉಲ್ಟಾ ತಿಳ್ಕೊಂಡಿದಾರೆ. ಚಾರ್ಮಾಡಿ ತಿರುವಲ್ಲಿ ಮಾತ್ರ 16ರ ಗಾಡಿ ಇನ್ನೊಂದು ಸ್ವಲ್ಪ ವಾಲಿದಂಗೆ ಅನ್ಸುತ್ತೆ, ಥಾರ್‌ನಲ್ಲಿ ಹೆಂಗಿದ್ರೂ ಅಲ್ಲಿ ಯಾರೂ ರೇಸ್ ಹೋಗಲ್ವಲ್ಲ.

ಪ್ರಶ್ನೆ: ಸೈಡ್‌ವಾಲ್‌ನಲ್ಲಿ ಗುಳ್ಳೆ ಬಂದಿದೆ, ಬಟನ್ ಇನ್ನೂ ಹೊಸದರ ಹಾಗಿದೆ. ಒಳಗಡೆ ಪ್ಯಾಚ್ ಹಾಕ್ಸಿ ಹಿಂದಿನ ಚಕ್ರಕ್ಕೆ ಹಾಕ್ಲಾ?
— ಓದುಗರು, ತುಮಕೂರು

ಉತ್ತರ: ಬೇಡ. ದಾರ ಹೋಗಿದೆ, ಗಾಳಿ ತಡ್ಕೊಂಡಿರೋದು ಬರೀ ರಬ್ಬರ್ ಪೊರೆ. ಪ್ಯಾಚ್ ಆಗ್ಲಿ, ಟ್ಯೂಬ್‌ಲೆಸ್‌ಗೆ ತುರುಕೋ ಬತ್ತಿ ಆಗ್ಲಿ, ಅದೆಲ್ಲಾ ಬಟನ್ ಇರೋ ಜಾಗಕ್ಕೆ ಮಾತ್ರ. ಗೋಡೆಗೆ ಮೊಳೆ ಚುಚ್ಚಿದ್ರೂ ಇದೇ ಉತ್ತರ. ಹಿಂದಿನ ಟೈರ್ ಒಡೆದ್ರೆ ಗಾಡಿ ಗಿರಕಿ ಹೊಡೆಯೋದು ಇನ್ನೂ ಸುಲಭ, ಹಿಂದೆ ಹಾಕಿದ್ರೆ ಸೇಫು ಅನ್ನೋದು ಯಾರು ಹೇಳಿಕೊಟ್ಟಿದ್ದೋ ಏನೋ. ಟೈರ್‌ನ ಗುಜರಿಗೆ ಹಾಕೋ ಮುಂಚೆ ಬ್ಲೇಡಲ್ಲಿ ಸೈಡ್‌ವಾಲ್ ಕೊಯ್ದು ಹಾಕಿ, ಇಲ್ಲಾಂದ್ರೆ ಸೆಕೆಂಡ್ ಹ್ಯಾಂಡ್ ಅಂತ ಇನ್ಯಾರ್ದೋ ಗಾಡಿ ಸೇರ್ಕೊಳುತ್ತೆ.

ಪ್ರಶ್ನೆ: ಮಾರಾಯ್ರೆ, ಮಗ ದುಬೈಯಲ್ಲಿ ಇರುವುದು, ವರ್ಷಕ್ಕೊಮ್ಮೆ ಬರುವಾಗ ಓಡಿಸ್ಲಿಕ್ಕೆ ಅಂತ ಕಾರು ಮನೆಯಲ್ಲೇ ಉಂಟು. ಟೈರ್ ಬಟನ್ ಹೊಸದರ ಹಾಗೇ ಉಂಟು, ಆದ್ರೆ ಸೈಡಿನಲ್ಲಿ ಕೂದಲಿನ ಹಾಗೆ ಸಣ್ಣ ಸಣ್ಣ ಬಿರುಕು. ವಾಶ್ ಮಾಡುವವ ಪಾಲಿಶ್ ಹಾಕಿದ್ರೆ ಹೋಗ್ತದೆ ಅಂತಾನೆ. ಟೈರ್ ಮೇಲೆ ಕೊನೆಗೆ 2316 ಅಂತ ಉಂಟು, ಅದು ಎಂಥದು?
— ಓದುಗರು, ಉಡುಪಿ

ಉತ್ತರ: ಪಾಲಿಶ್ ಹಾಕಿದ್ರೆ ಬಿರುಕು ಕಾಣೋದು ನಿಲ್ಲುತ್ತೆ, ಬಿರುಕು ನಿಲ್ಲಲ್ಲ. 2316 ಅಂದ್ರೆ 2016ನೇ ಇಸವಿಯ 23ನೇ ವಾರ ತಯಾರಾದ ಟೈರು. ಕಾನೂನಿನ ಪ್ರಕಾರ ಕಾರಿನ ಬಟನ್ 1.6 ಮಿ.ಮೀ ತನಕ ಸವೆಯೋವರೆಗೂ ಓಡಿಸ್ಬಹುದು, ನಿಮ್ಮದ್ರಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತೆ, ಆದ್ರೆ ಬಾಗಿ ಬಾಗಿ ದುಡಿಯೋದು ಸೈಡ್‌ವಾಲು, ವಯಸ್ಸಾಗೋದೂ ಮೊದಲು ಅದಕ್ಕೇ. ಬಿಸ್ಲು, ಗಾಳಿ, ನಿಂತಲ್ಲೇ ನಿಂತಿರೋದು, ಇದೆಲ್ಲ ರಬ್ಬರನ್ನ ಒಣಗಿಸುತ್ತೆ, ದಿನಾ ಓಡೋ ಗಾಡಿ ಟೈರಿಗಿಂತ ಶೆಡ್‌ನಲ್ಲಿ ಸುಮ್ನೆ ನಿಂತಿರೋದ್ರಲ್ಲಿ ಬಿರುಕು ಬೇಗ ಕಾಣೋದು ಅದಕ್ಕೇ. ನಾಲ್ಕೂ ಬದಲಾಯ್ಸಿ, ಅಳತೆ ಕಂಪನಿ ಕೊಟ್ಟಿದ್ದೇ ಇರ್ಲಿ, ಡ್ರೈವರ್ ಬಾಗ್ಲು ತೆಗೆದ್ರೆ ಕಂಬದ ಮೇಲೆ ಸ್ಟಿಕ್ಕರ್‌ನಲ್ಲಿ ಅಳತೆನೂ ಗಾಳಿ ಎಷ್ಟು ಅನ್ನೋದೂ ಇರುತ್ತೆ. ಅಂಗಡೀಲಿ ಹೊಸ ಟೈರ್ ತಂದಿಟ್ಟಾಗ ಈ ನಾಲ್ಕು ಅಂಕಿ ನೋಡ್ದೆ ದುಡ್ಡು ಕೊಡ್ಬೇಡಿ. ಮತ್ತೆ ಈ ಕೆಲ್ಸ ಮಗ ಬರೋ ಮುಂಚೆನೇ ಮುಗಿಸಿ, ಅವ್ರು ಬಂದ್ರೆ 17 ಇಂಚಿನ ಅಲಾಯ್ ಹಾಕ್ಸೋಣ ಪಪ್ಪಾ ಅಂತಾರೆ.